ಸೈಗಾನಿನ ಲೆಕ್ಕದಲ್ಲಿ ನಮ್ಮ ಪಾಲು

ಕೈವಾರದ ಸುತ್ತಿನವರಿಗೆ ಬಕಾಸುರನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿನ ಏಕಚಕ್ರಪುರವೇ ಇಂದಿನ ಕೈವಾರವೆಂದೂ, ಇಲ್ಲಿಯ ಬೆಟ್ಟದಲ್ಲಿಯೇ ಆ ರಾಕ್ಷಸನಿದ್ದನೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ದಿನಕ್ಕೊಂದು ಮನೆಯ ಸರದಿ. ಬಂಡಿ ತುಂಬ ಅನ್ನ, ಬಂಡಿಗೆ ಹೂಡಿದ ಕೋಣಗಳು, ಜೊತೆಗೊಬ್ಬ ಮನುಷ್ಯ. ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೊಂದುಂಟು. ಸರದಿಯ ಪಟ್ಟಿಯನ್ನಿಟ್ಟುಕೊಂಡು, ಇಂದು ಯಾರ ಮನೆಯ ಬಾಗಿಲು ತಟ್ಟಬೇಕೆಂದು ಗೊತ್ತುಮಾಡಿ, ಹೊತ್ತಿಗೆ ಸರಿಯಾಗಿ ಬಂಡಿ ಹೊರಡಿಸುತ್ತಿದ್ದವನು ರಾಕ್ಷಸನಲ್ಲ, ಊರಿನವರೇ! ಬಕಾಸುರನಿಗೆ ಬೆಟ್ಟ ಇಳಿದು ಬರುವ ಶ್ರಮವೂ ಇರಲಿಲ್ಲ.

ವಿಯೆಟ್ನಾಮಿನ ಸ್ವಾತಂತ್ರ್ಯ ಯೋಧರ ಮೇಲೆ ಫ್ರೆಂಚ್ ಸಾಮ್ರಾಜ್ಯಶಾಹಿ 1945ರಿಂದ 1954ರವರೆಗೆ ನಡೆಸಿದ ಯುದ್ಧದ ಚರಿತ್ರೆಯನ್ನು ಓದುವಾಗ ನಮಗೆ ನೆನಪಾಗುವುದು ಆ ಸರದಿಯ ಪಟ್ಟಿ. ಎಲ್ಲಿಯ ಫ್ರಾನ್ಸು, ಎಲ್ಲಿಯ ವಿಯೆಟ್ನಾಂ, ಎಂದೋ ಮುಗಿದುಹೋದ ಆ ಜಗಳ ನಮಗೇಕೆ ಎಂದು ಚಿಂತಾಮಣಿಯ ಪೇಟೆಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ, ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಬೆರಳದ್ದಿ ಗೂಡಿನಿಂದ ರೇಷ್ಮೆ ಬಿಚ್ಚುವವರೂ ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಉತ್ತರ ಇಷ್ಟು: ಆ ಯುದ್ಧದ ಮೊದಲನೆಯ ಅಧ್ಯಾಯದಲ್ಲಿ ಫ್ರೆಂಚರಿಗಾಗಿ ಬಂದೂಕು ಹಿಡಿದ ಕೈಗಳು ಭಾರತೀಯರವು. ಆ ಸೈನ್ಯ ವಿಭಾಗ ಹುಟ್ಟಿದ್ದು ಇಲ್ಲಿಂದ ಎರಡು ಗಂಟೆಯ ಬಸ್ಸಿನ ದಾರಿಯಲ್ಲಿರುವ ಬೆಂಗಳೂರಿನಲ್ಲಿ.

ಮೊದಲು ಫ್ರೆಂಚರ ವ್ಯಾಪಾರ ಎಂಥದೆಂದು ನೋಡೋಣ. ಅವರು 1858ರಲ್ಲಿ ದನಾಂಗ್ ಬಂದರಿನ ಮೇಲೆ ಬಿದ್ದು, ಮಾರನೆಯ ವರ್ಷ ಸೈಗಾನನ್ನು ಹಿಡಿದು, 1887ರಲ್ಲಿ ಇಂಡೋಚೀನಾ ಒಕ್ಕೂಟವೆಂಬುದನ್ನು ಕಟ್ಟಿದರು. ನಾಗರಿಕತೆಯನ್ನು ಕಲಿಸಲು ಬಂದಿದ್ದೇವೆ ಎಂದರು. ಕಲಿಸಿದ ಪಾಠ ಮೂರು: ಉಪ್ಪು, ಸಾರಾಯಿ, ಅಫೀಮು. ಮೂರೂ ಸರ್ಕಾರದ ಏಕಸ್ವಾಮ್ಯ. ಉಪ್ಪಿನ ಕರ ನಮಗೂ ಗೊತ್ತಿದ್ದುದೇ. ಆದರೆ ಅಲ್ಲಿ ಅಕ್ಕಿಯಿಂದ ಮನೆಯಲ್ಲಿ ಭಟ್ಟಿ ಇಳಿಸಿಕೊಂಡವನು ಅಪರಾಧಿ. ಸರ್ಕಾರದ ಗುತ್ತಿಗೆಯ ಸಾರಾಯಿಯನ್ನು ಮಾತ್ರ ಹಳ್ಳಿಗಿಷ್ಟೆಂದು ಕೊಂಡೇ ತೀರಬೇಕು. ಕುಡಿಯದವನಿಗೆ ದಂಡ ಹಾಕುವ ನಾಗರಿಕತೆಯಿದು! ಟೊಂಕಿನ್ ಸೀಮೆಯ ಬಡವರನ್ನು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ದಕ್ಷಿಣದ ರಬ್ಬರು ತೋಟಗಳಿಗೆ ಸಾಗಿಸಿದರು. ಅಲ್ಲಿ ಮಲೇರಿಯಾ ಜ್ವರ ಒಂದು ಕಡೆ, ಮೇಸ್ತ್ರಿಯ ಬೆತ್ತ ಇನ್ನೊಂದು ಕಡೆ.

1930ರಲ್ಲಿ ಆ ಜನ ಸಿಡಿದೆದ್ದರು. ಫೆಬ್ರವರಿಯಲ್ಲಿ ಮಿಷೆಲಿನ್ ಕಂಪನಿಯ ಫು ರಿಯೆಂಗ್ ತೋಟದ ಕೂಲಿಗಳು ಮುಷ್ಕರ ಹೂಡಿದರು. ಅದೇ ತಿಂಗಳು ಯೆನ್ ಬಾಯ್ ಎಂಬಲ್ಲಿ ಫ್ರೆಂಚ್ ಸೈನ್ಯದಲ್ಲಿಯೇ ಇದ್ದ ವಿಯೆಟ್ನಾಮೀ ಸಿಪಾಯಿಗಳು ದಂಗೆಯೆದ್ದರು; ಮುಂದಾಳುಗಳ ತಲೆಗಳನ್ನು ಗಿಲೋಟಿನ್ ಯಂತ್ರಕ್ಕೆ ಕೊಡಲಾಯಿತು. ಸೆಪ್ಟೆಂಬರಿನಲ್ಲಿ ನ್ಗೆ ಆನ್ ಪ್ರಾಂತದ ರೈತರ ಮೆರವಣಿಗೆಯ ಮೇಲೆ ವಿಮಾನದಿಂದ ಬಾಂಬು ಹಾಕಿದರು. ಗಾಂಧೀಜಿ ದಂಡಿಯ ಕಡಲ ತೀರದಲ್ಲಿ ಒಂದು ಹಿಡಿ ಉಪ್ಪನ್ನು ಎತ್ತಿದ್ದೂ ಅದೇ ವರ್ಷ.

ಮಹಾಯುದ್ಧದಲ್ಲಿ ಜಪಾನೀಯರು ಬಂದರು. ಆದರೆ 1945ರ ಮಾರ್ಚಿಯವರೆಗೆ ಫ್ರೆಂಚ್ ಅಧಿಕಾರಿಗಳು ಕುರ್ಚಿ ಬಿಡಲಿಲ್ಲ. ಜಪಾನೀಯರಿಗೆ ಬೇಕಾದ ಅಕ್ಕಿಯನ್ನು ರೈತರಿಂದ ವಸೂಲು ಮಾಡಿಕೊಡುತ್ತ ಕುಳಿತರು. ಬತ್ತದ ಗದ್ದೆಗಳಲ್ಲಿ ಸೆಣಬನ್ನು ಬೆಳೆಸಿದರು. 1944–45ರ ಕ್ಷಾಮದಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಸತ್ತವರು ಲಕ್ಷಗಟ್ಟಲೆ, ವಿಯೆಟ್ನಾಮೀಯರ ಲೆಕ್ಕದಲ್ಲಿ 20 ಲಕ್ಷ. 1943ರ ಬಂಗಾಳದ ಕ್ಷಾಮವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದವನು ಹಸಿದು ಸತ್ತ, ಉಗ್ರಾಣಕ್ಕೆ ಬೀಗ. ಆ ಬೀಗಗಳನ್ನು ಒಡೆದು ಅಕ್ಕಿ ಹಂಚಿದ ವಿಯೆಟ್ ಮಿನ್ಹ್ ಸಂಘಟನೆಯನ್ನು ಜನ ನಂಬಿದರೆಂದರೆ ಆಶ್ಚರ್ಯವೇನು? ಜಪಾನ್ ಸೋತ ಮೇಲೆ, 1945ರ ಸೆಪ್ಟೆಂಬರ್ 2ರಂದು ಹನೋಯ್ ನಗರದ ಬಾ ದಿನ್ಹ್ ಮೈದಾನದಲ್ಲಿ ಹೋ ಚಿ ಮಿನ್ಹ್ ಸ್ವಾತಂತ್ರ್ಯವನ್ನು ಸಾರಿದರು.

ಸ್ವತಂತ್ರವಾದ ಆ ದೇಶಕ್ಕೆ ಫ್ರೆಂಚರು ಮತ್ತೆ ಬಂದದ್ದು ಹೇಗೆ? ಆಗ ಫ್ರಾನ್ಸಿನ ಕೈಯಲ್ಲಿ ಏನೂ ಇರಲಿಲ್ಲ. ಸೈನ್ಯವಿಲ್ಲ, ಹಡಗಿಲ್ಲ, ಸ್ವಂತ ಊರಿನಲ್ಲಿ ರೊಟ್ಟಿಗೇ ಗತಿಯಿಲ್ಲ. ಅವರನ್ನು ಹೊತ್ತು ತಂದು ಕೂರಿಸಿದ್ದು ಬ್ರಿಟಿಷರು. ಬ್ರಿಟಿಷರ ಕೈಯಲ್ಲಿದ್ದದ್ದು ನಮ್ಮವರು.

ಭಾರತೀಯ ಸೈನ್ಯದ 20ನೆಯ ಡಿವಿಜನ್ 1942ರ ಏಪ್ರಿಲ್ 1ರಂದು ಬೆಂಗಳೂರಿನಲ್ಲಿ ರಚಿತವಾಯಿತು. ಅದರ ಅಧಿಪತಿ ಮೇಜರ್ ಜನರಲ್ ಡಗ್ಲಾಸ್ ಗ್ರೇಸಿ. ಗೂರ್ಖಾ, ಡೋಗ್ರಾ, ಪಂಜಾಬಿ, ಸರಹದ್ದು ಪ್ರಾಂತದ ರೈತರ ಮಕ್ಕಳು ಅದರಲ್ಲಿದ್ದರು. ಸಿಂಹಳದಲ್ಲಿ ಕಾಡಿನ ಯುದ್ಧವನ್ನು ಕಲಿತು, ಇಂಫಾಲದಲ್ಲಿಯೂ ಬರ್ಮಾದಲ್ಲಿಯೂ ಜಪಾನೀಯರೊಡನೆ ಕಾದಾಡಿ ಹೆಸರು ಪಡೆದ ವಿಭಾಗವದು. ಆ ಸೈನಿಕರ ಧೈರ್ಯದ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ 1945ರ ಜುಲೈನಲ್ಲಿ ಪಾಟ್ಸ್‌ಡ್ಯಾಮಿನಲ್ಲಿ ಸೇರಿದ ದೊಡ್ಡವರು ನಕಾಶೆಯ ಮೇಲೆ 16ನೆಯ ಅಕ್ಷಾಂಶಕ್ಕೆ ಗೆರೆ ಹಾಕಿ, ಅದರಿಂದ ಉತ್ತರಕ್ಕಿರುವ ಜಪಾನೀಯರಿಂದ ಚೀನೀಯರೂ ದಕ್ಷಿಣಕ್ಕಿರುವವರಿಂದ ಬ್ರಿಟಿಷರೂ ಶರಣಾಗತಿ ಪಡೆಯತಕ್ಕದ್ದೆಂದು ಗೊತ್ತುಮಾಡಿದರು. ವಿಯೆಟ್ನಾಮೀಯರನ್ನು ಯಾರೂ ಕೇಳಲಿಲ್ಲ. ಬರ್ಮಾದಿಂದ ಮನೆಗೆ ಮರಳಬೇಕಾಗಿದ್ದ ಡಿವಿಜನ್ನು ಸೈಗಾನಿಗೆ ಹೋಯಿತು.

ಗ್ರೇಸಿ ಅಲ್ಲಿಗೆ ಬಂದಿಳಿದದ್ದು ಸೆಪ್ಟೆಂಬರ್ 13ರಂದು. ವಿಯೆಟ್ನಾಮೀ ಸಮಿತಿಯವರು ಸ್ವಾಗತಿಸಲು ಬಂದು ನಿಂತಿದ್ದರೆ ಅವರೊಡನೆ ಮಾತನ್ನೂ ಆಡಲಿಲ್ಲ. 21ರಂದು ಸೈನಿಕ ಕಾಯಿದೆಯನ್ನು ಸಾರಿದ. ಪತ್ರಿಕೆ ಬಂದ್, ಸಭೆ ಬಂದ್. ಸೆರೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳನ್ನು ಬಿಡಿಸಿ ಬಂದೂಕು ಕೊಟ್ಟ. 23ರ ಬೆಳಗಿನ ಜಾವ ಅವರು ನಗರದ ಕಚೇರಿಗಳನ್ನು ವಶಪಡಿಸಿಕೊಂಡು, ಸಿಕ್ಕ ಸಿಕ್ಕ ವಿಯೆಟ್ನಾಮೀಯರನ್ನು ಬೀದಿಯಲ್ಲಿ ಹೊಡೆದು ಬಡಿದರು. ಮಾರನೆಯ ದಿನ ಸೈಗಾನಿನಲ್ಲಿ ಸಾರ್ವತ್ರಿಕ ಮುಷ್ಕರ. ವಿದ್ಯುತ್ತು ನಿಂತಿತು, ನೀರು ನಿಂತಿತು, ಅಂಗಡಿಗಳು ಮುಚ್ಚಿದವು. ನಮ್ಮ ಓದುಗರು ಗಮನಿಸಬೇಕು: ಆ ಯುದ್ಧದ ಮೊದಲ ಜವಾಬು ಕೂಲಿಗಾರನ ಹರತಾಳ ಮತ್ತು ಚಿಲ್ಲರೆ ವ್ಯಾಪಾರಿಯ ಮುಚ್ಚಿದ ಬಾಗಿಲು. ಆ ರಾತ್ರಿಯೇ ಫ್ರೆಂಚರ ಒಂದು ಬಡಾವಣೆಗೆ ನುಗ್ಗಿದ ಗುಂಪು ಹೆಂಗಸರು ಮಕ್ಕಳೆನ್ನದೆ ನೂರಕ್ಕೂ ಮೇಲ್ಪಟ್ಟು ಜನರನ್ನು ಕೊಂದಿತು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ, ಸಮರ್ಥಿಸುವುದೂ ಸಲ್ಲ.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಭಾರತೀಯ ಪಡೆಗಳು ಸೈಗಾನಿನ ಸುತ್ತಣ ಹಳ್ಳಿಗಳಲ್ಲಿ ವಿಯೆಟ್ ಮಿನ್ಹ್ ಯೋಧರನ್ನು ಬೇಟೆಯಾಡಿದವು. ಇಲ್ಲಿ ಮಿತ್ರರಾರು ಶತ್ರುಗಳಾರೆಂದು ಗುರುತಿಸುವುದು ಕಷ್ಟ, ಆದ್ದರಿಂದ ಯಾವಾಗಲೂ ಸಾಧ್ಯವಾದಷ್ಟು ಹೆಚ್ಚು ಬಲವನ್ನು ಪ್ರಯೋಗಿಸಿ ಎಂಬ ಅರ್ಥದ ಆಜ್ಞೆ ಒಂದು ಬ್ರಿಗೇಡಿಗೆ ಹೊರಟಿತು. ಇನ್ನೂ ಒಂದು ವಿಚಿತ್ರವುಂಟು. ಬರ್ಮಾದಲ್ಲಿ ಯಾವ ಜಪಾನೀಯರ ಗುಂಡಿಗೆ ತಮ್ಮ ಸಂಗಾತಿಗಳು ಬಲಿಯಾದರೋ, ಅದೇ ಜಪಾನೀ ಸಿಪಾಯಿಗಳ ಕೈಗೆ ಬಂದೂಕು ಕೊಟ್ಟು ನಮ್ಮವರ ಜೊತೆಗೆ ಕಾವಲಿಗೂ ಕಾಳಗಕ್ಕೂ ಕಳಿಸಿದರು. ಒಂದು ಗುಲಾಮ ದೇಶದ ಸಿಪಾಯಿ, ಸೋತ ಸಾಮ್ರಾಜ್ಯದ ಸಿಪಾಯಿಯೊಡನೆ ನಿಂತು, ಮೂರನೆಯ ದೇಶವನ್ನು ನಾಲ್ಕನೆಯವನ ಕಾಲಿಗೆ ಕಟ್ಟುವುದು! ಇಂಥ ಏರ್ಪಾಡು ಬಕಾಸುರನಿಗೂ ಹೊಳೆದಿರಲಾರದು. 1946ರ ಜನವರಿಯ ಕೊನೆಯಲ್ಲಿ ಗ್ರೇಸಿ ಹೊರಟುಹೋಗುವ ಹೊತ್ತಿಗೆ ಫ್ರೆಂಚರು ಗದ್ದುಗೆಯ ಮೇಲೆ ಕುಳಿತಾಗಿತ್ತು.

ಆಗ ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದವರು ಯಾರು? ಚರ್ಚಿಲ್ ಸಾಹೇಬರಲ್ಲ, ಆಟ್ಲಿಯವರ ಲೇಬರ್ ಪಾರ್ಟಿ. 1946ರ ಡಿಸೆಂಬರ್ 19ರಂದು ಹನೋಯ್‌ನಲ್ಲಿ ಪೂರ್ಣ ಯುದ್ಧ ಹತ್ತಿಕೊಂಡಾಗ ಪ್ಯಾರಿಸ್ಸಿನಲ್ಲಿ ಪ್ರಧಾನಿಯಾಗಿದ್ದವರು ಸಮಾಜವಾದಿ ಲೆಯೊನ್ ಬ್ಲೂಮ್. ಅವರ ನಂತರ ಬಂದ ರಾಮಾದಿಯೆಯೂ ಸಮಾಜವಾದಿಯೇ. ಅವರ ಸಂಪುಟದಲ್ಲಿದ್ದ ಕಮ್ಯೂನಿಸ್ಟ್ ಮಂತ್ರಿಗಳು 1947ರ ಮಾರ್ಚಿಯಲ್ಲಿ ಯುದ್ಧದ ಖರ್ಚಿಗೆ ಕೈಯೆತ್ತಿದರು, ಅದೇ ಪಕ್ಷದ ಉಳಿದ ಸದಸ್ಯರು ಮಾತ್ರ ತಟಸ್ಥರಾಗಿ ಕುಳಿತರು. ಕಾರ್ಮಿಕರ ಓಟು ಪಡೆದು ಗದ್ದುಗೆ ಹತ್ತಿದವರು ಬಿಳಿಯ ಕಾರ್ಮಿಕನಿಗೆ ಒಂದು ನ್ಯಾಯ, ಹಳದಿಯ ಕಾರ್ಮಿಕನಿಗೆ ಇನ್ನೊಂದು ನ್ಯಾಯವೆಂದು ಎರಡು ತಕ್ಕಡಿ ಇಟ್ಟುಕೊಂಡಿದ್ದರು. ಎರಡು ತಕ್ಕಡಿ ಇಟ್ಟ ವ್ಯಾಪಾರಿಯನ್ನು ನಮ್ಮ ಸಂತೆಯಲ್ಲಿ ಏನೆನ್ನುತ್ತಾರೋ ಅದನ್ನೇ ಇವರಿಗೂ ಅನ್ನಬೇಕು. ಸಮಾಜವಾದದ ಹೆಸರು ಹೇಳುವ ನಾವು ಇದನ್ನು ಬರೆಯದೆ ಮುಂದೆ ಹೋಗುವಂತಿಲ್ಲ.

ಬ್ಲೂಮ್ ಅವರ ಹೆಸರು ನಮಗೆ ಇನ್ನೂ ಹತ್ತಿರದ ಒಂದು ಸಂಗತಿಯಿಂದಲೂ ಗೊತ್ತು. ಅವರು ಮೊದಲ ಸಲ ಪ್ರಧಾನಿಯಾದ ಹೊಸದರಲ್ಲಿ, 1936ರ ಜುಲೈ 30ರಂದು, ಫ್ರೆಂಚರ ಪಾಂಡಿಚೇರಿಯಲ್ಲಿ ಸವಾನಾ ಮಿಲ್ಲಿನ ಕೂಲಿಗಾರರು ಮುಷ್ಕರದಲ್ಲಿದ್ದರು. ಎಂಟು ಗಂಟೆಯ ಕೆಲಸ, ಸಂಘ ಕಟ್ಟುವ ಹಕ್ಕು, ಇವೇ ಮುಖ್ಯ ಬೇಡಿಕೆ. ಫ್ರೆಂಚ್ ಸರ್ಕಾರದ ಪಡೆ ಗುಂಡು ಹಾರಿಸಿತು; 12 ಮಂದಿ ಸತ್ತರು. ವಿ. ಸುಬ್ಬಯ್ಯನವರ ಮುಂದಾಳುತನದ ಆ ಹೋರಾಟದ ಫಲವಾಗಿ ಮಾರನೆಯ ವರ್ಷ ಎಂಟು ಗಂಟೆಯ ಕೆಲಸದ ಕಾಯಿದೆ ಅಲ್ಲಿಗೆ ಬಂತು. ಇಂದು ನಮ್ಮ ಗಿರಣಿಗಳಲ್ಲಿ ಪಾಳಿ ಮುಗಿದ ಗಂಟೆ ಬಾರಿಸುವಾಗ ಆ ಹನ್ನೆರಡು ಜನರ ಹೆಸರನ್ನು ಯಾರೂ ಹೇಳುವುದಿಲ್ಲ.

ವ್ಯಾಪಾರಿ ಮಿತ್ರರಿಗೆ ಹಿತವಾಗದ ಒಂದು ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇವೆ. ಫ್ರೆಂಚರ ಕಾಲದ ಸೈಗಾನಿನಲ್ಲಿ ಭಾರತೀಯರಿಗೆ ಒಳ್ಳೆಯ ಹೆಸರಿರಲಿಲ್ಲ. ಪಾಂಡಿಚೇರಿಯಿಂದ ಹೋದ ಹಲವರು ಅಲ್ಲಿ ಸರ್ಕಾರದ ಗುಮಾಸ್ತರು, ಪೋಲೀಸರು. ಮದರಾಸು ಕಡೆಯ ಚೆಟ್ಟಿಯಾರ್ ಸಾಹುಕಾರರು ಮೆಕಾಂಗ್ ನದಿಯ ಬಯಲಿನಲ್ಲಿ ಬತ್ತದ ರೈತರಿಗೆ ಸಾಲ ಕೊಟ್ಟು, ಭಾರಿ ಬಡ್ಡಿ ತೆಗೆದು, ಬೆಲೆ ಬಿದ್ದ ವರ್ಷಗಳಲ್ಲಿ ಗದ್ದೆಗಳನ್ನೇ ಬರೆಸಿಕೊಂಡರು. ಹಾಗಾಗಿ ವಿಯೆಟ್ನಾಮಿನ ರೈತ ಕಂಡ ಭಾರತೀಯನ ಒಂದು ಕೈಯಲ್ಲಿ ಬಡ್ಡಿಯ ಪುಸ್ತಕ, 1945ರಲ್ಲಿ ಇನ್ನೊಂದು ಕೈಯಲ್ಲಿ ಬಂದೂಕು. ಬುದ್ಧನ ದೇಶದವರು ಬಂದರೆಂದು ಅವನು ಕೈಮುಗಿದಿರಲಾರ.

ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲವೇ? ಬಿಟ್ಟರು. ಭಾರತದ ಸಿಪಾಯಿಗಳಿಂದ ಬ್ರಿಟನ್ನು ತನ್ನ ಹೊಲಸು ಕೆಲಸವನ್ನು ಮಾಡಿಸುತ್ತಿದೆ, ಅದೂ ನಮ್ಮಂತೆಯೇ ಹೋರಾಡುವ ನಮ್ಮ ಮಿತ್ರರ ಮೇಲೆ ಎಂದು ನೆಹರೂ ಅವರು ಕೋಪದಿಂದಲೂ ನಾಚಿಕೆಯಿಂದಲೂ ಖಂಡಿಸಿದರು. 1946ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ದಂಗೆಯೆದ್ದ ನೌಕಾಪಡೆಯ ಹುಡುಗರು, ಒಳ್ಳೆಯ ಊಟ ಕೊಡಿ ಎಂದು ಮಾತ್ರ ಕೇಳಲಿಲ್ಲ. ಇಂಡೋನೇಷ್ಯದಿಂದ ಭಾರತೀಯ ಸೈನ್ಯವನ್ನು ಹಿಂದಕ್ಕೆ ಕರೆಸಿ ಎಂದೂ ಕೇಳಿದರು. 1947ರ ಜನವರಿ 21ರಂದು ಕಲ್ಕತ್ತೆಯ ವಿದ್ಯಾರ್ಥಿಗಳು ವಿಯೆಟ್ನಾಂ ದಿನವನ್ನು ಆಚರಿಸಿದಾಗ ಅವರ ಮೇಲೆಯೇ ಗೋಲೀಬಾರಾಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರದ ಧ್ವನಿ ಸ್ವಲ್ಪ ತಗ್ಗಿತೆಂಬುದನ್ನೂ ಹೇಳಬೇಕು. ಹೋ ಚಿ ಮಿನ್ಹ್ ಅವರ ಸರ್ಕಾರಕ್ಕೆ 1950ರಲ್ಲಿ ಮನ್ನಣೆ ಕೊಡಲಿಲ್ಲ. ಫ್ರೆಂಚರ ಕೈಗೊಂಬೆಗೂ ಕೊಡಲಿಲ್ಲವೆಂಬುದು ನಿಜ. 1954ರಲ್ಲಿ ಫ್ರೆಂಚ್ ಸೈನಿಕರನ್ನು ಹೊತ್ತ ಅಮೆರಿಕದ ವಿಮಾನಗಳು ನಮ್ಮ ಆಕಾಶದಲ್ಲಿ ಹಾರಕೂಡದೆಂದದ್ದು, ಜಿನೀವಾ ಒಪ್ಪಂದದ ಉಸ್ತುವಾರಿಯ ಆಯೋಗಕ್ಕೆ ಅಧ್ಯಕ್ಷತೆ ವಹಿಸಿದ್ದು, ಇವು ನಮ್ಮ ಲೆಕ್ಕದ ಜಮೆಯ ಕಡೆಗೆ ಸೇರತಕ್ಕವು.

ಖರ್ಚಿನ ಕಡೆ ನೋಡುವಾಗ ವಿದುರಾಶ್ವತ್ಥವನ್ನು ನೆನೆಯದಿರುವುದು ನಮ್ಮ ಜಿಲ್ಲೆಯವರಿಗೆ ಸಾಧ್ಯವಿಲ್ಲ. 1938ರ ಏಪ್ರಿಲ್ 25. ಗೌರಿಬಿದನೂರಿನ ಹತ್ತಿರ ಉತ್ತರ ಪಿನಾಕಿನಿಯ ದಂಡೆಯ ಮೇಲೆ, ನಾಗರ ಕಲ್ಲುಗಳ ನಡುವೆ, ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿದ್ದು 10 ಸಾವು. ಜನ ಹೇಳುತ್ತ ಬಂದದ್ದು 32. ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಒಬ್ಬಳು. ಗುಂಡು ಹಾರಿಸಿದವರು ಇಂಗ್ಲೆಂಡಿನಿಂದ ಬಂದವರೇ? ಅಲ್ಲ. ನಮ್ಮಂತೆಯೇ ರಾಗಿಮುದ್ದೆ ಉಂಡು, ಕನ್ನಡವನ್ನೋ ತೆಲುಗನ್ನೋ ಆಡುತ್ತ, ತಿಂಗಳ ಸಂಬಳಕ್ಕೆ ಕೈಯೊಡ್ಡಿದವರು. ಏಳು ವರ್ಷದ ನಂತರ ಸೈಗಾನಿನಲ್ಲಿ ನಡೆದದ್ದೂ ಅದೇ ಯಂತ್ರದ ಕೆಲಸ; ಈ ಸಲ ಗುರಿಯ ಮುಂದೆ ಬೇರೆಯವರಿದ್ದರು ಅಷ್ಟೆ. ವಿದುರಾಶ್ವತ್ಥದಲ್ಲಿ ಸತ್ತವರನ್ನು ನಮ್ಮವರೆಂದು ಹೇಳಿಕೊಳ್ಳುವುದು ಸುಲಭ. ಸೈಗಾನಿನಲ್ಲಿ ಕೊಂದವರನ್ನೂ ನಮ್ಮವರೆಂದು ಒಪ್ಪಿಕೊಳ್ಳಬೇಕಾದಾಗ ಗಂಟಲು ಕಟ್ಟುತ್ತದೆ. ಆದರೆ ಖಾತೆ ಪುಸ್ತಕದಲ್ಲಿ ಬರಬೇಕಾದ ಬಾಕಿಯನ್ನು ಮಾತ್ರ ಬರೆದು, ಕೊಡಬೇಕಾದದ್ದನ್ನು ಬಿಟ್ಟರೆ ಅದನ್ನು ಯಾವ ವ್ಯಾಪಾರಿ ಲೆಕ್ಕವೆಂದಾನು?

ಮುಂದಿನ ಯುದ್ಧವನ್ನೂ ಫ್ರಾನ್ಸು ಬಾಡಿಗೆಯ ಕೈಗಳಿಂದಲೇ ನಡೆಸಿತು. ಕಡ್ಡಾಯ ಸೇವೆಗೆ ಸೇರಿದ ಫ್ರೆಂಚ್ ತಾಯಂದಿರ ಮಕ್ಕಳನ್ನು ಅಲ್ಲಿಗೆ ಕಳಿಸಲಿಲ್ಲ. ಹೋದವರಲ್ಲಿ ಬಹುಮಂದಿ ಮೊರೊಕ್ಕೊ, ಆಲ್ಜೀರಿಯ, ಸೆನೆಗಾಲ್ ದೇಶಗಳವರು. ವಿದೇಶೀ ಪಡೆಯಲ್ಲಿ ಸೇರಿದ್ದ ಜರ್ಮನರು. ವಿಯೆಟ್ನಾಮೀಯರೇ ಆದ ಕೂಲಿ ಸಿಪಾಯಿಗಳು. ಹಣ ಅಮೆರಿಕದ್ದು, ಕೊನೆಗೆ ಖರ್ಚಿನ ಮುಕ್ಕಾಲು ಪಾಲಿಗೂ ಮೀರಿ ಅವರೇ ಹೊತ್ತರು. 1946ರ ನವೆಂಬರಿನಲ್ಲಿ ಹೈಫಾಂಗ್ ಬಂದರಿನ ಮೇಲೆ ಯುದ್ಧನೌಕೆಯಿಂದ ಗುಂಡಿನ ಮಳೆ ಸುರಿಸಿ ಸಾವಿರಾರು ನಾಗರಿಕರನ್ನು ಕೊಂದದ್ದು ಈ ಕಥೆಯ ಒಂದು ಪುಟ ಮಾತ್ರ.

ಆದರೂ ಸರದಿಯ ಪಟ್ಟಿಯನ್ನು ಹರಿದು ಹಾಕಿದವರು ಫ್ರಾನ್ಸಿನಲ್ಲಿಯೇ ಇದ್ದರು. ಅದನ್ನು ಹೇಳಲು ನಮಗೆ ಸಂತೋಷ. 1949–50ರಲ್ಲಿ ಮಾರ್ಸೆಲ್ಸ್ ಮೊದಲಾದ ಬಂದರುಗಳ ಹಮಾಲರು ಇಂಡೋಚೀನಾಕ್ಕೆ ಹೋಗುವ ಮದ್ದುಗುಂಡನ್ನು ಹಡಗಿಗೆ ಏರಿಸುವುದಿಲ್ಲವೆಂದು ಕೈಕಟ್ಟಿ ನಿಂತರು. ಕೂಲಿ ಹೋಯಿತು, ಕೆಲವರ ಕೆಲಸವೇ ಹೋಯಿತು. 1950ರ ಫೆಬ್ರವರಿಯಲ್ಲಿ ರೆಮೋಂದ್ ದಿಯೆನ್ ಎಂಬ ಇಪ್ಪತ್ತರ ಹುಡುಗಿ ಯುದ್ಧ ಸಾಮಗ್ರಿಯ ರೈಲಿನ ಮುಂದೆ ಕಂಬಿಯ ಮೇಲೆ ಮಲಗಿದಳು, ಜೈಲಿಗೆ ಹೋದಳು. ಹೈಫಾಂಗಿನಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದ ನಾವಿಕ ಆನ್ರಿ ಮಾರ್ತಾನ್ ಯುದ್ಧದ ವಿರುದ್ಧ ಕರಪತ್ರ ಹಂಚಿ ಐದು ವರ್ಷದ ಶಿಕ್ಷೆ ಪಡೆದ. ಜನರ ಕೂಗಿಗೆ ಮಣಿದು 1953ರಲ್ಲಿ ಬಿಟ್ಟರು. ಇವರಾರೂ ಮಂತ್ರಿಗಳಲ್ಲ. ಮೂಟೆ ಹೊರುವವರು, ಟೈಪು ಮಾಡುವವರು, ಹಡಗಿನ ಕೆಲಸದವರು.

ವಿಯೆಟ್ನಾಮೀಯರು ಗೆದ್ದದ್ದು ಹೇಗೆಂಬುದನ್ನು ಸೈಕಲ್ಲಿನ ಮೇಲೆ ಮೂಟೆ ಕಟ್ಟಿಕೊಂಡು ಸಂತೆಗೆ ಹೋಗುವ ನಮ್ಮ ಜನ ಸುಲಭವಾಗಿ ಅರ್ಥಮಾಡಿಕೊಂಡಾರು. ದಿಯೆನ್ ಬಿಯೆನ್ ಫು ಎಂಬ ಬೆಟ್ಟಗಳ ನಡುವಣ ಬಯಲಿನಲ್ಲಿ ಫ್ರೆಂಚರು ಕೋಟೆ ಕಟ್ಟಿಕೊಂಡು, ಇಲ್ಲಿಗೆ ಫಿರಂಗಿ ತರುವವರಾರೆಂದು ನಿಶ್ಚಿಂತೆಯಿಂದಿದ್ದರು. ಜನರಲ್ ಜಿಯಾಪ್ ಅವರ ಪಡೆ ಫಿರಂಗಿಗಳನ್ನು ಹಗ್ಗ ಕಟ್ಟಿ ಬೆಟ್ಟಕ್ಕೆ ಎಳೆಯಿತು. ಅಕ್ಕಿಯೂ ಮದ್ದೂ ಬಂದದ್ದು ಸಾವಿರಾರು ಸೈಕಲ್ಲುಗಳ ಮೇಲೆ. ಹ್ಯಾಂಡಲಿಗೆ ಉದ್ದನೆಯ ಬಿದಿರು ಕಟ್ಟಿ, ಹತ್ತಿ ತುಳಿಯದೆ ಪಕ್ಕದಲ್ಲಿ ತಳ್ಳಿಕೊಂಡು ನಡೆದರು. ಒಂದೊಂದರ ಮೇಲೆ 200 ಕಿಲೋಗೂ ಹೆಚ್ಚಿನ ಹೊರೆ. 1954ರ ಮಾರ್ಚ್ 13ರಿಂದ 56 ದಿನ ಕಾದಾಟ ನಡೆದು ಮೇ 7ರಂದು ಕೋಟೆ ಬಿತ್ತು. ಜುಲೈನಲ್ಲಿ ಜಿನೀವಾದಲ್ಲಿ ಸಹಿಯಾಯಿತು. ಅದೇ ಜುಲೈನಲ್ಲಿ ಮಾಹೆಯನ್ನೂ, ನವೆಂಬರ್ 1ರಂದು ಪಾಂಡಿಚೇರಿಯನ್ನೂ ಫ್ರೆಂಚರು ನಮಗೆ ಬಿಟ್ಟುಕೊಟ್ಟರು. ಪಾಂಡಿಚೇರಿಯ ಬಿಡುಗಡೆಗೆ ಅಲ್ಲಿಯ ಜನರೇ ಹೋರಾಡಿದ್ದರು. ಆದರೂ ಅದರಲ್ಲಿ ಆ ಸೈಕಲ್ಲುಗಳ ಪಾಲೂ ಇದೆಯೆಂದು ನಾವು ನಂಬುತ್ತೇವೆ. ಎರಡು ಭಾಗವಾಗಿ ಸೀಳಿದ ವಿಯೆಟ್ನಾಂ ಮತ್ತೆ ಒಂದಾಗುವುದಕ್ಕೆ ಇನ್ನೂ 21 ವರ್ಷ ಅಮೆರಿಕದ ಬಾಂಬುಗಳನ್ನು ಸಹಿಸಬೇಕಾಯಿತು. ಅದು ಬೇರೆಯೇ ಬರೆಯಬೇಕಾದ ವಿಷಯ.

ಹಳೆಯ ಕಥೆಯನ್ನು ಈಗ ಎತ್ತಲು ಕಾರಣವುಂಟು. 2024ರಲ್ಲಿ ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯ ಹುಡುಗರು ಒಳ್ಳೆಯ ಸಂಬಳದ ಕೆಲಸವೆಂಬ ದಲ್ಲಾಳಿಗಳ ಮಾತನ್ನು ನಂಬಿ ರಷ್ಯಾಕ್ಕೆ ಹೋಗಿ, ಕೈಗೆ ಬಂದೂಕು ಬಂದು, ಯುಕ್ರೇನಿನ ರಣರಂಗದಲ್ಲಿ ಸಿಕ್ಕಿಬಿದ್ದರು. ಅವರು ಆ ವರ್ಷದ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಅವರಂತೆಯೇ ಹೋಗಿದ್ದ ಸೂರತ್ತಿನ ಹುಡುಗನೊಬ್ಬ ಶವವಾಗಿ ಬಂದ. ಅದೇ ವರ್ಷ ಉತ್ತರ ಭಾರತದ ಗಾರೆ ಕೆಲಸದವರನ್ನು ಸಾಲು ನಿಲ್ಲಿಸಿ ಇಸ್ರೇಲಿಗೆ ಆರಿಸಿದರು. ಪ್ಯಾಲೆಸ್ತೀನಿನ ಕೂಲಿಗಳನ್ನು ಹೊರಗೆ ದೂಡಿ ಖಾಲಿಯಾದ ಜಾಗಕ್ಕೆ ಇವರು ಬೇಕಾಗಿದ್ದರು. ಹೋದವರನ್ನು ನಾವು ಬೈಯುವುದಿಲ್ಲ. ಊರಿನಲ್ಲಿ ಕೆಲಸವಿದ್ದಿದ್ದರೆ ಅವರೇಕೆ ಹೋಗುತ್ತಿದ್ದರು? 1942ರಲ್ಲಿ ಸೈನ್ಯಕ್ಕೆ ಸೇರಿದ ರೈತನ ಮಗನಿಗೂ ಊಟ, ಬಟ್ಟೆ, ಮನೆಗೆ ಮನಿ ಆರ್ಡರು ಇವೇ ಕಾರಣ. ಹುಡುಗರನ್ನು ಕರೆದೊಯ್ಯುವ ದಲ್ಲಾಳಿ ನಮ್ಮ ಊರಿಗೆ ಬಂದಾಗ, ನೀನು ಕರೆದೊಯ್ಯುತ್ತಿರುವುದು ಯಾರ ಜಗಳಕ್ಕೆ ಎಂದು ಕೇಳುವಷ್ಟು ಚರಿತ್ರೆಯಾದರೂ ಅವರಿಗೆ ತಿಳಿದಿರಲಿ ಎಂಬುದೇ ನಮ್ಮ ಆಶಯ.

ಅದಕ್ಕಾಗಿ ಒಂದು ಸಣ್ಣ ಸೂಚನೆ. ವಿದುರಾಶ್ವತ್ಥದ ವೀರಸೌಧದಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಚಿತ್ರಗಳನ್ನು ಇಟ್ಟಿದ್ದಾರೆ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿ ಹೋಗುತ್ತಾರೆ. ಅಲ್ಲಿ ಇನ್ನೊಂದು ಹಲಗೆಯನ್ನು ಸೇರಿಸಬೇಕೆಂದು ಜಿಲ್ಲೆಯ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ಕೇಳಲಿ. ಅದರ ಮೇಲೆ 1942ರ ಏಪ್ರಿಲ್ 1, ಬೆಂಗಳೂರು. 1945ರ ಸೆಪ್ಟೆಂಬರ್ 13, ಸೈಗಾನ್ ಎಂಬ ಎರಡು ತಾರೀಖುಗಳೂ, ಅವೆರಡರ ನಡುವೆ ನಡೆದದ್ದರ ನಾಲ್ಕು ಸಾಲಿನ ವಿವರಣೆಯೂ ಇದ್ದರೆ ಸಾಕು. ಏಪ್ರಿಲ್ 25ರ ಸಭೆಗೆ ಬರುವ ಮಂತ್ರಿಗಳ ಮುಂದೆ ಮನವಿಯನ್ನು ಇಡೋಣ. ಅವರು ಒಪ್ಪದಿದ್ದರೆ, ಹಲಗೆಗೂ ಬಣ್ಣಕ್ಕೂ ಬೇಕಾದ ಹಣವನ್ನು ಚಿಂತಾಮಣಿ ಮತ್ತು ಗೌರಿಬಿದನೂರಿನ ಪೇಟೆಯಲ್ಲಿ ಒಂದೇ ಸಂಜೆಯಲ್ಲಿ ಎತ್ತಬಹುದು.